ಕಿವಿಯ ಮಿಷಿನ್ ಕೊಡಿಸಿದರೆ ಸಾಲದು, ಒರೆಸುವ ಕೈಯೂ ಬೇಕು

ಕಳೆದ ಮಳೆಗಾಲದ ಮಾತು. ನಮ್ಮ ಮದ್ರಸದ ಮೂರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಎರಡೂ ಕಿವಿಗೆ ಮಿಷಿನ್. ಚುರುಕಿನವ, ಇವತ್ತು ಹೇಳಿಕೊಟ್ಟದ್ದನ್ನು ನಾಳೆ ಒಪ್ಪಿಸುವವ. ಜುಲೈ ತಿಂಗಳಲ್ಲಿ ಇದ್ದಕ್ಕಿದ್ದಂತೆ ಅವನ ಓದು ಕೆಟ್ಟಿತು. ಸೀನ್, ಸ್ವಾದ್ ಎರಡನ್ನೂ ಒಂದೇ ಥರ ಹೇಳುತ್ತಾನೆ. ಕರೆದರೆ ತಿರುಗುವುದಿಲ್ಲ. ಮಿಷಿನ್ ಹಾಕಿದ್ದಾನಲ್ಲ, ಕೇಳದೆ ಏನು, ಬೇಕೆಂದೇ ಮಾಡುತ್ತಾನೆ ಅಂದುಕೊಂಡು ನಾವು ಅವನನ್ನು ಗೋಡೆಯ ಬದಿ ನಿಲ್ಲಿಸಿದೆವು. ಒಂದು ದಿನವಲ್ಲ, ಮೂರು ದಿನ.

ನಾಲ್ಕನೇ ದಿನ ಅವನ ಉಮ್ಮ ಬಂದರು. "ಉಸ್ತಾದರೇ, ಮಗುವಿನ ತಪ್ಪಲ್ಲ. ಮಿಷಿನಿನ ಪೈಪಿನಲ್ಲಿ ನೀರು ನಿಂತಿತ್ತಂತೆ, ಅಚ್ಚಿನ ತೂತಿನಲ್ಲಿ ಗುಗ್ಗೆ ಇತ್ತಂತೆ. ಆಸ್ಪತ್ರೆಯಲ್ಲಿ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ಟರು" ಅಂದರು. ನಮಗೆ ತಲೆ ಎತ್ತಲು ಆಗಲಿಲ್ಲ. ಹುಡುಗನನ್ನು ಕರೆದು ಎಲ್ಲರ ಎದುರೇ ತಪ್ಪಾಯಿತು ಅಂದೆವು. ಅವನು ನಕ್ಕುಬಿಟ್ಟ. ಆದರೆ ಆ ಮೂರು ದಿನ ನಮ್ಮ ಲೆಕ್ಕದಲ್ಲಿ ಇನ್ನೂ ಉಂಟು.

ಆ ಮೇಲೆ ನಾವು ಊರಿನ ಮನೆಗಳಲ್ಲಿ ಗಮನಿಸಲು ಶುರು ಮಾಡಿದೆವು. ಎಷ್ಟೋ ಮನೆಗಳಲ್ಲಿ ಮಗ ಗಲ್ಫಿನಿಂದ ಹಣ ಕಳುಹಿಸಿ ಉಪ್ಪನಿಗೆ ಮಿಷಿನ್ ತೆಗೆಸಿಕೊಟ್ಟಿದ್ದಾನೆ. ಅದು ಕಪಾಟಿನಲ್ಲಿ, ಪಾಸ್‌ಪೋರ್ಟ್ ಪಕ್ಕದಲ್ಲಿ ಮಲಗಿದೆ. ಕೇಳಿದರೆ, "ಅವರಿಗೆ ಹಠ ಉಸ್ತಾದ್, ಹಾಕುವುದೇ ಇಲ್ಲ" ಅನ್ನುತ್ತಾರೆ. ಹಿರಿಯರನ್ನು ಕೇಳಿದರೆ ಬೇರೆ ಉತ್ತರ: "ಹಾಕಿದರೂ ಏನೂ ಕೇಳುವುದಿಲ್ಲ, ಕುಂಯ್ ಅಂತ ಶಬ್ದ ಬರುತ್ತದೆ." ಎಲ್ಲಾ ಸಲ ಅದು ಹಠವೂ ಅಲ್ಲ, ಮಿಷಿನ್ ಹಾಳಾದದ್ದೂ ಅಲ್ಲ. ಎಷ್ಟೋ ಸಲ ಅದನ್ನು ಯಾರೂ ಒರೆಸಿಲ್ಲ, ಅಷ್ಟೇ.

ಈ ಸಾಧನದ ಕೆಲಸ ಸರಳ. ಮೈಕು ಶಬ್ದ ಹಿಡಿಯುತ್ತದೆ, ಒಳಗಿನ ಯಂತ್ರ ಅದನ್ನು ದೊಡ್ಡದು ಮಾಡುತ್ತದೆ, ಸಣ್ಣ ಪೈಪು ಮತ್ತು ಅಚ್ಚಿನ ಮೂಲಕ ಅದು ಕಿವಿಗೆ ಸೇರುತ್ತದೆ. ಕೊನೆಯ ತೂತಿಗೆ ಗುಗ್ಗೆ ಸಿಕ್ಕಿದರೆ ಸಾವಿರಾರು ರೂಪಾಯಿಯ ಮಿಷಿನೂ ಮೂಕ. ಆದ್ದರಿಂದ ರಾತ್ರಿ ತೆಗೆದ ಕೂಡಲೇ ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಜೊತೆಗೆ ಕೊಟ್ಟ ಸಣ್ಣ ಬ್ರಷ್‌ನಿಂದ, ತೂತು ಕೆಳಮುಖವಾಗಿ ಹಿಡಿದು ಗುಗ್ಗೆ ಉದುರಿಸಬೇಕು. ಕಿವಿಯ ಹಿಂದೆ ಕೂರುವ ಮಿಷಿನ್ ಆದರೆ ಅಚ್ಚನ್ನು ಮಾತ್ರ ಬಿಡಿಸಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬಹುದು. ಪೈಪಿನ ನೀರನ್ನು ಊದುವ ರಬ್ಬರ್ ಬುರುಡೆಯಿಂದ ಹೊರಹಾಕಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಜೋಡಿಸಬೇಕು. ಮಿಷಿನಿಗೆ ಮಾತ್ರ ನೀರೂ ಬೇಡ, ಸ್ಪಿರಿಟೂ ಬೇಡ, ಸ್ಯಾನಿಟೈಸರೂ ಬೇಡ. ಪಿನ್ನು, ಸೂಜಿ ಹಾಕಿ ಕೆದಕುವುದು ಬೇಡವೇ ಬೇಡ. ಕಿವಿಯೊಳಗೆ ಗುಗ್ಗೆ ತುಂಬಿದ್ದರೆ ಅದು ವೈದ್ಯರ ಕೆಲಸ, ಬೆಂಕಿಕಡ್ಡಿಯದ್ದಲ್ಲ.

ಇನ್ನು ನಮ್ಮ ಅಭ್ಯಾಸಗಳ ವಿಷಯ. ವುಝೂ ಮಾಡುವಾಗ ಮಿಷಿನ್ ತೆಗೆಯಲೇಬೇಕು. ಕಿವಿ ಸವರುವುದು ಸುನ್ನತ್, ಅದನ್ನು ಬಿಡುವುದೂ ಬೇಡ, ಮಿಷಿನನ್ನು ಒದ್ದೆ ಮಾಡುವುದೂ ಬೇಡ. ಆದರೆ ತೆಗೆದದ್ದನ್ನು ಹೌಳಿನ ಕಟ್ಟೆಯ ಮೇಲೆ ಇಡುವುದನ್ನು ನಾವೇ ಕಂಡಿದ್ದೇವೆ. ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಇರಲಿ. ವುಝೂ ಮುಗಿಸಿ ಕಿವಿ ಒರೆಸಿ, ಒಣಗಿದ ಮೇಲೆ ಹಾಕಿದರೆ ಖುತುಬಾ ಚೆನ್ನಾಗಿ ಕೇಳುತ್ತದೆ. ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಡುವವರು ಅದನ್ನು ಬಟ್ಟೆಗೆ ಸೀಮಿತ ಮಾಡಿದರೆ ಒಳ್ಳೆಯದು, ಆ ಎಣ್ಣೆ ಮೈಕಿಗೆ ಇಳಿಯುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚುವುದಾದರೆ ಮೊದಲು ಮಿಷಿನ್ ತೆಗೆದಿಡಿ. ತಲೆವಸ್ತ್ರ ಧರಿಸುವ ಹೆಣ್ಣುಮಕ್ಕಳಿಗೆ ಬಟ್ಟೆ ಬಿಗಿಯಾಗಿ ಒತ್ತಿದರೆ ಕುಂಯ್ ಅನ್ನುವ ಶಬ್ದ ಬರಬಹುದು, ಒಳಗೆ ಬೆವರೂ ಸೇರುತ್ತದೆ. ಕಿವಿಯ ಬಳಿ ಸ್ವಲ್ಪ ಸಡಿಲ ಇದ್ದರೆ ಸಾಕು.

ನಮ್ಮ ಕರಾವಳಿಯ ಗಾಳಿಯೇ ಒದ್ದೆ. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಮಿಷಿನ್ ಮಾತ್ರ ಒಣಗಿರುತ್ತದಾ? ರಾತ್ರಿ ಸೆಲ್ ಹೊರತೆಗೆದು, ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಮಿಷಿನ್ ಇಡಬೇಕು. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಕೂಡದು. ಸೆಲ್‌ನ ಸ್ಟಿಕ್ಕರ್ ತೆಗೆದ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಅದು ಗಾಳಿಯಿಂದಲೇ ಕೆಲಸ ಶುರು ಮಾಡುವ ಸೆಲ್. ಅಳತೆ ಗೊತ್ತಾಗದಿದ್ದರೆ ಬಣ್ಣ ನೋಡಿ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗಬಾರದು. ಮಗು ನುಂಗಿದರೆ ಮನೆಮದ್ದು ಮಾಡುತ್ತಾ ಕೂರದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಕೊನೆಯದಾಗಿ ಜಮಾಅತ್‌ನವರಿಗೆ, ದಾನಿಗಳಿಗೆ ಒಂದು ಮಾತು. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಬಡವರಿಗೆ ಶ್ರವಣ ಸಾಧನ ಸಿಗುತ್ತದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆಯೂ ಆಗುತ್ತದೆ. ನಮ್ಮ ಸಂಘಟನೆಗಳೂ ಶಿಬಿರ ಮಾಡಿ, ವೇದಿಕೆಯಲ್ಲಿ ಕೊಟ್ಟು, ಫೋಟೋ ತೆಗೆಯುತ್ತವೆ. ಒಳ್ಳೆಯದೇ. ಆದರೆ ಆರು ತಿಂಗಳ ನಂತರ ಸೆಲ್‌ಗೆ ಹಣ ಯಾರದ್ದು? ಗಟ್ಟಿಯಾದ ಪೈಪು ಬದಲಿಸಲು ಪೇಟೆಗೆ ಕರೆದುಕೊಂಡು ಹೋಗುವವರು ಯಾರು? ಹತ್ತು ಹೊಸ ಮಿಷಿನ್ ಕೊಡುವ ಕಡೆ ಎಂಟು ಕೊಟ್ಟು, ಉಳಿದ ಹಣವನ್ನು ಒಂದು ವರ್ಷದ ಸೆಲ್, ಬ್ರಷ್, ಒಣಗಿಸುವ ಡಬ್ಬಿಗೆ ಮೀಸಲಿಟ್ಟರೆ ಹೆಚ್ಚು ಕಿವಿಗಳು ಕೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ. ಎಂಟು ಕೊಟ್ಟರೆ ಇಬ್ಬರಿಗೆ ಸಿಗುವುದಿಲ್ಲವಲ್ಲ ಅನ್ನಬಹುದು. ಹತ್ತೂ ಕಪಾಟು ಸೇರಿದರೆ ಸಿಕ್ಕಿದ್ದು ಯಾರಿಗೆ?

ಅಜ್ಜನ ಕೈ ನಡುಗುತ್ತದೆ, ಕಣ್ಣು ಮಂಜು. ಆ ಸಣ್ಣ ತೂತು ಅವರಿಗೆ ಕಾಣುವುದಿಲ್ಲ. ಇಶಾ ಮುಗಿದ ಮೇಲೆ ಮೊಮ್ಮಗ ಮೊಬೈಲ್ ಕೆಳಗಿಟ್ಟು ಐದು ನಿಮಿಷ ಅದನ್ನು ಒರೆಸಿಕೊಡಲಿ. ನಮ್ಮ ಮದ್ರಸದಲ್ಲಿ ಈಗ ಮೇಜಿನ ಡ್ರಾಯರಿನಲ್ಲಿ ಒಂದು ಬ್ರಷ್, ಒಂದು ಊದುವ ಬುರುಡೆ, ಎರಡು ಸೆಲ್ ಉಂಟು. ಆ ಹುಡುಗ ಪಾಠ ತಪ್ಪಿದರೆ ನಾವು ಮೊದಲು ಅವನ ಮಿಷಿನ್ ನೋಡುತ್ತೇವೆ.