ಫೆರಿಟಿನ್ ಕೇಳದ ಕೇಸ್‌ಶೀಟು

ಶಿರಸಿ ತಾಲೂಕಿನ ಭೈರುಂಬೆ ಕಡೆಯ ತೋಟದ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಅದಕ್ಕೊಂದು ಹೆಸರು ಮೊದಲೇ ಸಿದ್ಧವಿರುತ್ತದೆ. ಮಳೆಗಾಲವಾದರೆ ಡೆಂಗಿ, ಇಲ್ಲವೇ ಇಲಿಜ್ವರ. ಅಡಿಕೆ ಕೊಯ್ಲು ಮುಗಿದು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಹೊತ್ತಾದರೆ ಮಂಗನಕಾಯಿಲೆ. ಹಾಗೆ ಊಹಿಸುವುದು ತಪ್ಪಲ್ಲ. ತಪ್ಪು ಶುರುವಾಗುವುದು ಆಮೇಲೆ. ಆಸ್ಪತ್ರೆ ಸೇರಿ ವಾರವಾಗಿದೆ, ಜ್ವರ 102ರಿಂದ ಇಳಿದಿಲ್ಲ, ಪ್ಲೇಟ್‌ಲೆಟ್ ಕುಸಿಯುತ್ತಿದೆ, ರಕ್ತಸ್ರಾವವಿಲ್ಲದೆಯೂ ಹಿಮೋಗ್ಲೋಬಿನ್ ಇಳಿಯುತ್ತಿದೆ, ಗುಲ್ಮ ಊದಿದೆ. ಕೇಸ್‌ಶೀಟಿನಲ್ಲಿ ಆಂಟಿಬಯಾಟಿಕ್ ಮೂರನೇ ಸಲ ಬದಲಾಗುತ್ತದೆ. ಮನೆಯವರು ಪಪ್ಪಾಯಿ ಎಲೆಯ ರಸ ಹಿಂಡಿ ತರುತ್ತಾರೆ. ಫೆರಿಟಿನ್ ಎಂಬ ಕೆಲವು ನೂರು ರೂಪಾಯಿಯ ಒಂದು ರಕ್ತಪರೀಕ್ಷೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಹೀಗೆ ಹೋದ ಜೀವವನ್ನು ಅಪರೂಪದ ರೋಗದ ಲೆಕ್ಕಕ್ಕೆ, ಹಣೆಬರಹದ ಲೆಕ್ಕಕ್ಕೆ ಹಾಕಲು ನಾವು ಒಪ್ಪುವುದಿಲ್ಲ. ಇದು ಲೋಪ.

ರೋಗದ ಹೆಸರು ಹಿಮೋಫ್ಯಾಗೊಸೈಟಿಕ್ ಲಿಂಫೋಹಿಸ್ಟಿಯೊಸೈಟೋಸಿಸ್. ವೈದ್ಯರ ಬಾಯಲ್ಲಿ ಎಚ್‌ಎಲ್‌ಎಚ್. ರಾತ್ರಿ ಗದ್ದೆಗೆ ನುಗ್ಗಿದ ಹಂದಿ ಓಡಿಸಲು ಹೋದವರು, ಹಂದಿ ಹೋದ ಮೇಲೂ ನಿಲ್ಲದೆ ಗದ್ದೆಯನ್ನೆಲ್ಲ ತಾವೇ ತುಳಿದರೆ ಹೇಗೋ ಹಾಗೆ. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಕಣಗಳು ಹಿಂದೆ ಸರಿಯುವುದಿಲ್ಲ. ಅವುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ಅಸ್ಥಿಮಜ್ಜೆಯಲ್ಲಿ, ಗುಲ್ಮದಲ್ಲಿ ನಮ್ಮದೇ ರಕ್ತಕಣಗಳನ್ನು ನುಂಗತೊಡಗುತ್ತವೆ. ಪ್ರಕಟಿತ ವರದಿಗಳನ್ನು ಒಟ್ಟುಗೂಡಿಸಿ ನೋಡಿದರೆ, ಈ ರೋಗಕ್ಕೆ ತುತ್ತಾದ ವಯಸ್ಕರಲ್ಲಿ ಶೇ. 40ರಷ್ಟು ಮಂದಿ ಉಳಿದಿಲ್ಲ.

ಇದು ದೂರದ ಊರಿನ ಕಾಯಿಲೆ ಎಂದು ಯಾರೂ ಕೈ ತೊಳೆದುಕೊಳ್ಳಬೇಕಿಲ್ಲ. ಮಂಗನಕಾಯಿಲೆ 1957ರಲ್ಲಿ ಪತ್ತೆಯಾದ ಕ್ಯಾಸನೂರು ಇರುವುದು ನಮ್ಮ ಗಡಿಗೇ ತಾಗಿದ ಸೊರಬ ತಾಲೂಕಿನಲ್ಲಿ. ಆ ಕಾಯಿಲೆಯಿಂದ ಸತ್ತ ಮೂವರ ಶವಪರೀಕ್ಷೆಯ ವರದಿ 1959ರಲ್ಲಿ ಪ್ರಕಟವಾಯಿತು. ಯಕೃತ್ತು ಮತ್ತು ಗುಲ್ಮದ ಭಕ್ಷಕ ಕಣಗಳು ಕೆಂಪು ರಕ್ತಕಣಗಳನ್ನು ಹೇರಳವಾಗಿ ನುಂಗಿದ್ದವು ಎಂದು ಅದರಲ್ಲಿ ದಾಖಲಾಗಿದೆ. ಆ ಮೂವರಿಗೂ ಎಚ್‌ಎಲ್‌ಎಚ್ ಇತ್ತೆಂದು ಇವತ್ತು ತೀರ್ಪು ಕೊಡಲಾಗದು. ಆದರೆ ಸೂಕ್ಷ್ಮದರ್ಶಕದಡಿ ಕಂಡ ಈ ಸುಳಿವು ಅರವತ್ತು ವರ್ಷಕ್ಕೂ ಹಿಂದಿನದು, ನಮ್ಮ ನೆರೆಯದು. 2024ರ ಆರಂಭದಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಮಂಗನಕಾಯಿಲೆ ಜೀವ ತೆಗೆದಿದೆ. ಡೆಂಗಿ, ಸ್ಕ್ರಬ್ ಟೈಫಸ್, ಕ್ಷಯ, ಲಿಂಫೋಮಾ ಎಂಬ ಕ್ಯಾನ್ಸರ್ — ಇವೂ ಎಚ್‌ಎಲ್‌ಎಚ್‌ಗೆ ಕಿಡಿ ಹಚ್ಚಬಲ್ಲವು. ಇವುಗಳಲ್ಲಿ ಯಾವುದು ಮಲೆನಾಡಿಗೆ ಹೊಸತು?

ವೈದ್ಯರಿಗೆ ನೇರವಾಗಿಯೇ ಹೇಳುತ್ತೇವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಿಜ; ಆದರೆ ಸಾಮಾನ್ಯವಾಗಿ ವಾರದೊಳಗೆ ಜ್ವರ ಬಿಡುತ್ತದೆ, ರಕ್ತ ಗಟ್ಟಿಯಾಗುತ್ತದೆ. ಜ್ವರ ಬಿಡದೆ ಎರಡು ಬಗೆಯ ರಕ್ತಕಣಗಳು ಒಟ್ಟಿಗೆ ಇಳಿಯುತ್ತಿದ್ದರೆ 'ಡೆಂಗಿ ತರಹ' ಎಂದು ಬರೆದು ಕೂರುವಂತಿಲ್ಲ. ಇಎಸ್‌ಆರ್ ಕಡಿಮೆಯಾಯಿತು, ಗುಣವಾಗುತ್ತಿದೆ ಎಂದು ಸಮಾಧಾನಪಡುವವರಿದ್ದಾರೆ. ರಕ್ತದ ಫೈಬ್ರಿನೋಜೆನ್ ಖಾಲಿಯಾಗುತ್ತಿದ್ದರೂ ಇಎಸ್‌ಆರ್ ಇಳಿಯುತ್ತದೆ. ಸಿಆರ್‌ಪಿ ಏರಿಯೇ ಇದ್ದು ಇಎಸ್‌ಆರ್ ಮಾತ್ರ ಇಳಿದರೆ ಅದು ಗಾಬರಿಯ ಸುದ್ದಿ. ಇನ್ನು ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ ಅಡಗುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಎದೆಯ ಕೆಳಗೆ. ಸಂಕೋಚಪಟ್ಟು ಬಟ್ಟೆ ಸರಿಸದೆ ಮುಗಿಸಿದ ತಪಾಸಣೆಯನ್ನು ತಪಾಸಣೆ ಎನ್ನಲಾಗದು. ಹೊತ್ತಿಗೆ ಸರಿಯಾಗಿ ಕೊಟ್ಟ ಅಗ್ಗದ ಡಾಕ್ಸಿಸೈಕ್ಲಿನ್ ಮಾತ್ರೆ ಎಷ್ಟೋ ಸಲ ಕಿಡಿಯನ್ನೇ ಆರಿಸುತ್ತದೆ.

ಎಚ್‌ಎಲ್‌ಎಚ್ ಗುರುತಿಸಲು ಮಕ್ಕಳಿಗಾಗಿ ರೂಪಿಸಿದ 2004ರ ಮಾನದಂಡದಲ್ಲಿ ಎಂಟು ಲಕ್ಷಣಗಳಿವೆ, ಐದು ಸಿಗಬೇಕು. ಅವುಗಳಲ್ಲಿ ಎರಡು ಪರೀಕ್ಷೆಗಳು ದೊಡ್ಡ ಪ್ರಯೋಗಾಲಯದ ಮುಖ ನೋಡಬೇಕಾದವು. ಹಾಗೆಂದು ನೆಪ ಹೇಳುವಂತಿಲ್ಲ. ವಯಸ್ಕರಿಗಾಗಿ ಫ್ರಾನ್ಸಿನ ವೈದ್ಯರು 2014ರಲ್ಲಿ ಪ್ರಕಟಿಸಿದ ಎಚ್-ಸ್ಕೋರ್ ಇದೆ. ಅದರ ಒಂಬತ್ತು ಅಂಶಗಳಲ್ಲಿ ಎಂಟಕ್ಕೆ ಅಸ್ಥಿಮಜ್ಜೆಯೂ ಬೇಕಿಲ್ಲ: ಜ್ವರ, ಗುಲ್ಮ-ಯಕೃತ್ತಿನ ಊತ, ರಕ್ತಕಣಗಳ ಎಣಿಕೆ, ಫೆರಿಟಿನ್, ಟ್ರೈಗ್ಲಿಸರೈಡ್, ಫೈಬ್ರಿನೋಜೆನ್, ಎಎಸ್‌ಟಿ, ರೋಗಿಯ ನಿರೋಧಕ ಶಕ್ತಿ ಮೊದಲೇ ಕುಗ್ಗಿತ್ತೇ ಎಂಬ ವಿಚಾರಣೆ. ಮೊತ್ತ 169 ದಾಟಿದರೆ ಅನುಮಾನ ಬಲವಾಗುತ್ತದೆ. ಲೆಕ್ಕ ಹಾಕಲು ಮೊಬೈಲ್ ಸಾಕು.

ಫೆರಿಟಿನ್ ಒಂದನ್ನೇ ನಂಬಿ ಎಂದು ನಾವು ಹೇಳುತ್ತಿಲ್ಲ. ಯಕೃತ್ತು, ಮೂತ್ರಪಿಂಡ ಕೆಟ್ಟಾಗಲೂ, ಪದೇ ಪದೇ ರಕ್ತ ಕೊಟ್ಟಾಗಲೂ ಅದು ಏರುತ್ತದೆ. ಆದರೆ ಸಾವಿರಗಳಲ್ಲಿದ್ದದ್ದು ಎರಡು ದಿನದಲ್ಲಿ ಹತ್ತು ಸಾವಿರ ದಾಟಿದರೆ, ಕಂಡೂ ಕಾಣದಂತೆ ರೌಂಡ್ಸ್ ಮುಗಿಸುವವರನ್ನು ಕ್ಷಮಿಸಲಾಗದು. ಇದಕ್ಕೆ ವಿರುದ್ಧವಾದ ಅಪರಾಧವೂ ಇದೆ: ಜ್ವರ ಇಳಿಯಲೆಂದು ಯಾವ ವಿಚಾರವೂ ಇಲ್ಲದೆ ಸ್ಟೀರಾಯ್ಡ್ ಚುಚ್ಚುವುದು. ಜ್ವರವೇನೋ ಇಳಿಯುತ್ತದೆ, ಮನೆಯವರು ಕೈ ಮುಗಿಯುತ್ತಾರೆ. ಒಳಗೆ ಲಿಂಫೋಮಾ ಇದ್ದರೆ ಅದರ ಗುರುತು ಮಾಸುತ್ತದೆ, ಮುಂದೆ ಬಯಾಪ್ಸಿಯೂ ದಾರಿ ತಪ್ಪುತ್ತದೆ. ಕ್ಷಯವಿದ್ದರೆ ಬೆಂಕಿಗೆ ತುಪ್ಪ ಸುರಿದಂತೆ. ಎಚ್‌ಎಲ್‌ಎಚ್‌ಗೆ ಡೆಕ್ಸಾಮೆಥಾಸೋನ್ ಔಷಧವೇ ಹೌದು. ಕೊಡುವ ಮುನ್ನ, ರೋಗಿಯ ಸ್ಥಿತಿ ಅವಕಾಶ ಕೊಡುವಷ್ಟರ ಮಟ್ಟಿಗೆ, ರಕ್ತ ಮತ್ತು ಮಜ್ಜೆಯ ಮಾದರಿ ತೆಗೆದಿಡಬೇಕು. ಜೀವ ಹೋಗುವಂತಿದ್ದರೆ ವರದಿಗೆ ಕಾಯಬಾರದು.

ಸರ್ಕಾರದ ಪಾಲು ಇದಕ್ಕಿಂತ ದೊಡ್ಡದು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡ 2019ರಲ್ಲಿ ಸಾಮಾಜಿಕ ಜಾಲತಾಣದಲ್ಲಿ ಕೂಗಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ ಬೀದಿಗಿಳಿಯಿತು. ಘೋಷಣೆಗಳು ಬಂದವು. ನಮ್ಮ ಗಂಭೀರ ರೋಗಿಗಳು ಇವತ್ತಿಗೂ ಹುಬ್ಬಳ್ಳಿಗೋ ಘಟ್ಟ ಇಳಿದು ಮಣಿಪಾಲಕ್ಕೋ ಹೋಗುತ್ತಿದ್ದಾರೆ.

ಕಟ್ಟಡ ಏಳುವವರೆಗೂ ಜ್ವರ ಕಾಯುವುದಿಲ್ಲ. ಮಂಗನಕಾಯಿಲೆ ಹರಡುವ ಉಣುಗಿನ ಕಾಲ ಡಿಸೆಂಬರಿನಲ್ಲಿ ಕಾಲಿಡುತ್ತದೆ. ಅಷ್ಟರೊಳಗೆ ಆರೋಗ್ಯ ಇಲಾಖೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತಾಲೂಕು ಆಸ್ಪತ್ರೆಗಳಿಗೆ ಲಿಖಿತ ಆದೇಶ ಕಳಿಸಬೇಕು: ಏಳು ದಿನ ಮೀರಿದ ಜ್ವರದ ಜೊತೆ ರಕ್ತಕಣಗಳು ಇಳಿದಿದ್ದರೆ ಫೆರಿಟಿನ್, ಟ್ರೈಗ್ಲಿಸರೈಡ್, ಫೈಬ್ರಿನೋಜೆನ್ ಕಡ್ಡಾಯ, ಬಡವರಿಗೆ ಉಚಿತ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಆ ದಾರಿಯಲ್ಲಿ ರೋಗಿಯ ಜೊತೆ ಹೋಗುವ ಚೀಟಿಯಲ್ಲಿ 'ಹೆಚ್ಚಿನ ಚಿಕಿತ್ಸೆಗಾಗಿ' ಎಂದಷ್ಟೇ ಗೀಚಿದ್ದರೆ ಸಾಲದು. ಜ್ವರ ಶುರುವಾದ ದಿನ, ಮೂರು ದಿನದ ರಕ್ತದ ಎಣಿಕೆ, ಫೆರಿಟಿನ್, ಸ್ಟೀರಾಯ್ಡ್ ಕೊಟ್ಟಿದ್ದರೆ ಯಾವ ದಿನ ಎಷ್ಟು ಎಂಬುದು ಇರಬೇಕು, ಕೆಳಗೆ ಬರೆದ ವೈದ್ಯರ ಸಹಿ ಓದುವಂತಿರಬೇಕು.