ಬೆವರಿನ ಲೆಕ್ಕ ಒಮ್ಮೆ ಮಾತ್ರ

ಒಂದು ಮನೆಯನ್ನು ಊಹಿಸಿಕೊಳ್ಳಿ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ 38 ವರ್ಷದ ತಂದೆ. ಶಾಲೆಯ ಖೊಖೊ ತಂಡದಲ್ಲಿ ಆಡುವ 14 ವರ್ಷದ ಮಗಳು. ಇಬ್ಬರಿಗೂ ತೂಕದ ಚಿಂತೆ. ತಂದೆ ದಿನಾ ಬೆಳಿಗ್ಗೆ ಒಂದು ಗಂಟೆ ತಪ್ಪದೆ ನಡೆಯುತ್ತಾರೆ. ಆದರೂ ಆರು ತಿಂಗಳಲ್ಲಿ ಬೆಲ್ಟು ಒಂದು ತೂತು ಸಡಿಲಗೊಂಡಿದೆಯೇ ಹೊರತು ಬಿಗಿಯಾಗಿಲ್ಲ. ಮಗಳು ಯಾರದೋ ಮಾತು ಕೇಳಿ ಮೊಬೈಲಿನಲ್ಲಿ 'ದಿನಕ್ಕೆ 1200 ಕ್ಯಾಲರಿ' ಎಂದು ಗುರಿ ಹಾಕಿಕೊಂಡಿದ್ದಾಳೆ. ಈಗೀಗ ಆಟದ ಮಧ್ಯೆ ಅವಳಿಗೆ ಕಣ್ಣು ಕತ್ತಲೆ ಬರುತ್ತಿದೆ. ಇಬ್ಬರೂ ಎಡವಿರುವುದು ಒಂದೇ ಲೆಕ್ಕದಲ್ಲಿ, ಆದರೆ ಎದುರುಬದುರು ದಿಕ್ಕಿನಲ್ಲಿ.

ಮೊದಲು ಅಳತೆಯ ಮಾತು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲರಿ. ಆಹಾರದ ವಿಷಯದಲ್ಲಿ ನಾವು ರೂಢಿಯಿಂದ 'ಕ್ಯಾಲರಿ' ಎನ್ನುವುದು ಇದನ್ನೇ. ಅಮೆರಿಕದ ವಿಲ್ಬರ್ ಅಟ್‌ವಾಟರ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಮನುಷ್ಯನನ್ನೇ ಒಂದು ಪುಟ್ಟ ಕೋಣೆಯಂಥ ಶಾಖಮಾಪಕದೊಳಗೆ ಕೂರಿಸಿ, ಅವನು ವಿಶ್ರಾಂತಿಯಲ್ಲಿದ್ದಾಗ ಎಷ್ಟು ಶಾಖ ಹೊಮ್ಮುತ್ತದೆ, ದುಡಿಯುವಾಗ ಎಷ್ಟು ಎಂದು ಅಳೆದ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ 4, ಕೊಬ್ಬಿನಿಂದ 9 ಕ್ಯಾಲರಿ ದೊರೆಯುತ್ತದೆ ಎಂದು ಇಂದಿಗೂ ಪೊಟ್ಟಣಗಳ ಮೇಲೆ ಬಳಸುವ ಲೆಕ್ಕ ಅವನ ಕೆಲಸದಿಂದ ಬಂದದ್ದು.

ದೇಹದ ದಿನದ ಖರ್ಚಿನಲ್ಲಿ ದೊಡ್ಡ ಪಾಲು ನಮ್ಮ ಅರಿವಿಗೇ ಬಾರದು. ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು, ಮಿದುಳು ಎಚ್ಚರವಾಗಿರಬೇಕು. ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ತಪ್ಪದ ಈ ಖರ್ಚಿಗೆ ಮೂಲ ಚಯಾಪಚಯ ಎಂದು ಹೆಸರು. ಇದರ ಮೇಲೆ ಓಡಾಟ, ದುಡಿಮೆ ಮತ್ತು ಜೀರ್ಣಕ್ರಿಯೆಯ ಖರ್ಚು. ಬೆಳೆಯುವ ಮಕ್ಕಳಿಗೆ ಬೆಳವಣಿಗೆಯ ಖರ್ಚೂ ಉಂಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಕೊಟ್ಟ ಪಟ್ಟಿಯಂತೆ, 65 ಕಿಲೋ ತೂಕದ, 19ರಿಂದ 39 ವರ್ಷದ ಗಂಡಸು ಕುಳಿತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ 2110 ಕ್ಯಾಲರಿ ಬೇಕು. ಸಾಧಾರಣ ದುಡಿಮೆಯವನಾದರೆ 2710, ಭಾರಿ ದುಡಿಮೆಯವನಿಗೆ 3470. ಗಮನಿಸಬೇಕಾದ ಅಂಶ ಇದು: ದುಡಿಮೆ ಹೆಚ್ಚಿದಂತೆ ಹೆಚ್ಚುವ ಖರ್ಚು ಈ ಅಂಕಿಗಳೊಳಗೇ ಸೇರಿಕೊಂಡಿದೆ.

ನಮ್ಮ ತಂದೆಯ ತೂಕವೂ 65 ಕಿಲೋ ಎಂದಿಟ್ಟುಕೊಳ್ಳೋಣ. ಮೊಬೈಲ್ ಅವರನ್ನು ಕೇಳಿತು, 'ನೀವು ಎಷ್ಟು ಚಟುವಟಿಕೆಯವರು?' ದಿನಾ ನಡೆಯುತ್ತೇನಲ್ಲ ಎಂದು ಅವರು 'ಸಾಧಾರಣ' ಎಂಬುದನ್ನು ಆರಿಸಿದರು. 2710 ಬಂತು. ನಡಿಗೆ ಮುಗಿದ ಮೇಲೆ ಯಂತ್ರ 'ಇಂದು 228 ಕ್ಯಾಲರಿ ಕರಗಿಸಿದ್ದೀರಿ' ಎಂದಿತು. ಅದನ್ನೂ ಕೂಡಿಸಿದರು. ಮೊತ್ತ 2938. ಹಸಿವಾಗುವಷ್ಟು ನಡೆದಿದ್ದೇನೆ, ತಿನ್ನುವ ಹಕ್ಕಿದೆ ಎಂದು ಸಮಾಧಾನವೂ ಆಯಿತು.

ಇಲ್ಲಿ ಎರಡು ತಪ್ಪುಗಳಿವೆ. ಒಂದು, ಒಂದೇ ನಡಿಗೆಯನ್ನು ಎರಡು ಬಾರಿ ಎಣಿಸಿದ್ದು. 'ಸಾಧಾರಣ' ಎಂದಾಗಲೇ ನಡಿಗೆ ಲೆಕ್ಕಕ್ಕೆ ಬಂತು. ಅದೂ ಒಂದು ಗಂಟೆಯ ನಡಿಗೆಗೆ ಸಲ್ಲಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿ. ಎರಡನೆಯದು ಇನ್ನೂ ಸೂಕ್ಷ್ಮ. ಸುಮ್ಮನೆ ಕುಳಿತಾಗ ದೇಹ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲರಿ ಖರ್ಚು ಮಾಡುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದ ನಡಿಗೆಯಲ್ಲಿ ಅದು ಸುಮಾರು ಮೂರೂವರೆ ಪಟ್ಟು. ಹಾಗಾಗಿ 3.5ನ್ನು 65ರಿಂದ ಗುಣಿಸಿದರೆ 228. ಆದರೆ ಆ ಗಂಟೆ ಕುರ್ಚಿಯಲ್ಲಿ ಕುಳಿತಿದ್ದರೂ 65 ಖರ್ಚಾಗುತ್ತಲೇ ಇತ್ತು! ಅದು 2110ರಲ್ಲಿ ಆಗಲೇ ಸೇರಿದೆ. ಅದನ್ನು ಕಳೆದರೆ ನಡಿಗೆಯ ನಿವ್ವಳ ಖರ್ಚು 163 ಮಾತ್ರ.

ಎಂದರೆ ಅವರ ಸರಿಯಾದ ಅಂಕಿ 2110ಕ್ಕೆ 163 ಸೇರಿ ಸುಮಾರು 2270. ಮೊಬೈಲಿನ ಗುರಿಗೂ ಇದಕ್ಕೂ ಇರುವ ಅಂತರ ದಿನಕ್ಕೆ 660 ಕ್ಯಾಲರಿಗೂ ಹೆಚ್ಚು. ಬೆಲ್ಟಿನ ರಹಸ್ಯ ಇಷ್ಟೇ.

163 ಕ್ಯಾಲರಿಯೇನು ಕಡಿಮೆಯಲ್ಲ. 20 ಡಿಗ್ರಿಯಲ್ಲಿರುವ ಎರಡು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಶಾಖ ಸಾಕು. ಆದರೆ 18 ಗ್ರಾಂ ಎಣ್ಣೆಯಲ್ಲಿಯೂ ಅಷ್ಟೇ ಇದೆ. ಬೆವರಿ ಗಳಿಸಿದ್ದನ್ನು ಎರಡು ಬೋಂಡಾ ನುಂಗಿಬಿಡಬಲ್ಲವು. ಹಾಗೆಂದು ನಡಿಗೆ ವ್ಯರ್ಥವೆಂದಲ್ಲ. ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ, ಮನಸ್ಸಿಗೆ ಅದರಿಂದ ಆಗುವ ಲಾಭ ಕ್ಯಾಲರಿಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಈಗ ಮಗಳ ಲೆಕ್ಕ. ಇದು ಹೆಚ್ಚು ಗಂಭೀರ. ಅವಳ ತೂಕ 48 ಕಿಲೋ ಎಂದುಕೊಳ್ಳಿ. ಆ ವಯಸ್ಸಿನ, ಆ ತೂಕದ ಹುಡುಗಿಯ ಮೂಲ ಚಯಾಪಚಯವೇ ದಿನಕ್ಕೆ ಸುಮಾರು 1300 ಕ್ಯಾಲರಿ. ಅವಳು ಹಾಕಿಕೊಂಡ ಗುರಿ 1200. ದಿನವಿಡೀ ಹಾಸಿಗೆ ಬಿಟ್ಟು ಏಳದಿದ್ದರೂ ಅದು ಸಾಲದು! ಅದೇ 2020ರ ಪಟ್ಟಿಯಲ್ಲಿ 13ರಿಂದ 15 ವರ್ಷದ ಹುಡುಗಿಯರಿಗೆ ಹೇಳಿರುವುದು 2400, ಹುಡುಗರಿಗೆ 2860. ಶಾಲೆಗೆ ಹೋಗಿಬರುವ, ಸಾಮಾನ್ಯವಾಗಿ ಆಡುವ ಮಕ್ಕಳ ಲೆಕ್ಕವಿದು. ತಂಡದ ಅಭ್ಯಾಸ ಅದಕ್ಕಿಂತ ಹೆಚ್ಚಿನದು. ಒಂದು ಗಂಟೆಯ ಅಭ್ಯಾಸದಲ್ಲಿ ಖರ್ಚು ಸರಾಸರಿ ಆರು ಪಟ್ಟು ಎಂದಿಟ್ಟುಕೊಂಡರೆ, ಒಂದು ಪಟ್ಟು ಕಳೆದು 5ನ್ನು 48ರಿಂದ ಗುಣಿಸಿ, 240 ಬರುತ್ತದೆ. ಒಟ್ಟು 2600 ದಾಟಿತು. ಅವಳು ಉಣ್ಣುತ್ತಿರುವುದು ಅದರ ಅರ್ಧಕ್ಕಿಂತ ಕಡಿಮೆ.

ಕೊರತೆ ಬಿದ್ದಾಗ ದೇಹ ಜಾಣ ಗೃಹಿಣಿಯಂತೆ ಖರ್ಚು ಬಿಗಿಹಿಡಿಯುತ್ತದೆ. ಮೊದಲು ಕತ್ತರಿ ಬೀಳುವುದು ಇಂದೇ ಅಗತ್ಯವಲ್ಲದ ಕೆಲಸಗಳಿಗೆ. ಋತುಚಕ್ರ ಏರುಪೇರಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಜೀವನಪೂರ್ತಿ ಆಧಾರವಾಗಬೇಕಾದ ಮೂಳೆಗಳು ಗಟ್ಟಿಯಾಗುವ ವಯಸ್ಸಿನಲ್ಲೇ ಸೊರಗುತ್ತವೆ. ಸುಸ್ತು, ಚಳಿ, ಮತ್ತೆ ಮತ್ತೆ ಪೆಟ್ಟು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಹಿಂದೆಯೇ ಬರುತ್ತವೆ. ಆಡುವ ಹುಡುಗರನ್ನೂ ಈ ತೊಂದರೆ ಬಿಡುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಪ್ರತ್ಯೇಕ ಹೆಸರು ಕೊಟ್ಟು ತರಬೇತುದಾರರನ್ನೂ ವೈದ್ಯರನ್ನೂ ಎಚ್ಚರಿಸಿತು.

ಹಾಗಾದರೆ ಅಂಕಿಯನ್ನು ಎಷ್ಟು ನಂಬಬೇಕು? ಟಾಂಜಾನಿಯಾದ ಹಾಡ್ಜಾ ಜನ ಬೇಟೆ, ಗೆಡ್ಡೆಗೆಣಸುಗಳಿಗಾಗಿ ದಿನವೂ ಹಲವು ಕಿಲೋಮೀಟರ್ ನಡೆಯುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅವರ ದಿನದ ಒಟ್ಟು ಖರ್ಚು ನಗರದ ಪಾಶ್ಚಾತ್ಯರದಕ್ಕಿಂತ ಹೆಚ್ಚೇನೂ ಇರಲಿಲ್ಲ! ಹೆಚ್ಚು ನಡೆದಾಗ ದೇಹ ಬೇರೆಡೆ ಉಳಿತಾಯ ಮಾಡುತ್ತದೆಂದು ಪಾಂಟ್ಜರ್ ವಾದಿಸುತ್ತಾರೆ. ಆದ್ದರಿಂದ ಯಂತ್ರ ತೋರಿಸುವ ಅಂಕಿ ಅಂದಾಜೇ ಹೊರತು ಬ್ಯಾಂಕಿನ ಪಾಸ್‌ಬುಕ್ ಅಲ್ಲ.

ದೊಡ್ಡವರಿಗೆ ದಾರಿ ಸರಳ. ವ್ಯಾಯಾಮವನ್ನು ಚಟುವಟಿಕೆಯ ಮಟ್ಟದಲ್ಲಾದರೂ ಸೇರಿಸಿ, ಪ್ರತ್ಯೇಕವಾಗಿಯಾದರೂ ಕೂಡಿಸಿ. ಎರಡೂ ಕಡೆ ಬೇಡ. ಅಂಕಿಯೊಂದನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ತೂಕ ನೋಡಿ. ನಾಲ್ಕು ವಾರ ತೂಕ ಏರುತ್ತಲೇ ಹೋದರೆ ಅಂಕಿಯನ್ನು ತುಸು ಇಳಿಸಿ. ತಕ್ಕಡಿಯೇ ಪರೀಕ್ಷಕ.

ಮಕ್ಕಳಿಗೆ ಈ ದಾರಿ ಸಲ್ಲದು. ಎತ್ತರ ಬೆಳೆಯುವ ವಯಸ್ಸಿನಲ್ಲಿ ತೂಕ ಏರಲೇಬೇಕು. ತಂದೆಗೆ ಅಂಕಿ ಮೇಲಿನ ಮಿತಿಯಾದರೆ ಮಗಳಿಗೆ ಅದು ಕೆಳಗಿನ ಮಿತಿ. ಮಗುವಿನ ತೂಕ ನಿಜಕ್ಕೂ ಹೆಚ್ಚೆನಿಸಿದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಮೊಬೈಲೂ ಅಲ್ಲ, ಕನ್ನಡಿಯೂ ಅಲ್ಲ. ಡಬ್ಬಿ ಅರ್ಧ ತುಂಬಿಯೇ ಮನೆಗೆ ಮರಳುತ್ತಿದ್ದರೆ, ಮುಟ್ಟು ತಪ್ಪುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ ತಾಯಿತಂದೆ ಗದರದೆ ಕೂರಿಸಿ ಮಾತನಾಡಬೇಕು, ತಡಮಾಡದೆ ವೈದ್ಯರಲ್ಲಿ ಕರೆದೊಯ್ಯಬೇಕು.

ವಿದ್ಯಾರ್ಥಿಗಳಿಗೆ ಈ ವಾರ ಒಂದು ಮನೆಗೆಲಸ: ನಿಮ್ಮ ತಂದೆ ಅಥವಾ ತಾಯಿಯ ತೂಕ ಕೇಳಿಕೊಂಡು ಅವರ ಒಂದು ಗಂಟೆಯ ನಡಿಗೆಯ ನಿವ್ವಳ ಖರ್ಚು ಕಂಡುಹಿಡಿಯಿರಿ. ಒಂದು ಪಟ್ಟು ಕಳೆಯುವುದನ್ನು ಮರೆಯಬೇಡಿ. ಇನ್ನು ಸಂಜೆ ಆಡಿ ಬಂದ ನಿಮ್ಮ ಲೆಕ್ಕ? 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ ಇರುತ್ತದೆ. ಖೊಖೊ ಅಭ್ಯಾಸದ 240ಕ್ಕೆ 75 ಗ್ರಾಂ ಹಿಟ್ಟಿನ ಒಂದು ಮುದ್ದೆ ಸರಿಹೋಗುತ್ತದೆ. ಸೊಪ್ಪಿನ ಸಾರಿನೊಂದಿಗೆ ಅದನ್ನು ಉಂಡು ಓದಲು ಕೂತರೆ ಆ ದಿನದ ಲೆಕ್ಕ ಮುಗಿಯಿತು.