ಪಾಠದಲ್ಲೂ ಪಂಕ್ತಿಭೇದವೆ?

ಎದುರಿಗೆ ಕುಳಿತ ಮಕ್ಕಳಿಗೂ ದೂರದಲ್ಲಿ ಫೋನು ಹಿಡಿದು ಕುಳಿತ ಮಕ್ಕಳಿಗೂ ಒಬ್ಬರೇ ಮೇಷ್ಟ್ರು ಒಂದೇ ಹೊತ್ತಿಗೆ ಪಾಠ ಹೇಳುವ ಪದ್ಧತಿಗೆ ಹೈಬ್ರಿಡ್ ತರಗತಿ ಎಂದು ಹೆಸರು. ಮಿಶ್ರ ತರಗತಿ ಎಂದರೆ ನಮಗೆ ಸುಲಭವಾಗಿ ತಿಳಿದೀತು. ಇದು ಪಟ್ಟಣದ ಉಳ್ಳವರ ಮಕ್ಕಳ ಸಂಗತಿ, ನಮಗೇಕೆ ಎಂದು ಕೋಗಳಿ ನಾಡಿನವರು ಸುಮ್ಮನಿರುವಂತಿಲ್ಲ. ಇದರ ಅಗತ್ಯ ನಿಜವಾಗಿ ಇರುವುದು ನಮ್ಮಲ್ಲೇ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ತಾಂಡಾಗಳಿಂದ ಕೂಲಿಕಾರರು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ನೋಡಿಕೊಳ್ಳುವವರಿಲ್ಲದ ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಮಗು ಉಳಿಯುವುದಿಲ್ಲ. ತನ್ನ ಶಾಲೆಯ ಪಾಠ, ತನ್ನ ಮೇಷ್ಟ್ರ ಧ್ವನಿ ಆ ಮಗುವಿನ ಗುಡಿಸಲಿಗೂ ತಲುಪುವುದಾದರೆ ಬೇಡವೆನ್ನುವವರು ಯಾರು?

ಆದರೆ ಫೋನು ಯಾರದು? 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರು ಮನೆಗಳ ಪೈಕಿ ಇಂಟರ್‌ನೆಟ್ ಇದ್ದವು ಸುಮಾರು 15, ಕಂಪ್ಯೂಟರ್ ಇದ್ದವು ಸುಮಾರು 4. ಅಂದಿನಿಂದ ಫೋನುಗಳು ಹೆಚ್ಚಿವೆ, ನಿಜ. ಆದರೆ ಮನೆಗೊಂದೇ ಫೋನಿದ್ದರೆ ಅದು ಕೆಲಸಕ್ಕೆ ಹೋಗುವ ತಂದೆಯ ಜೇಬಿನಲ್ಲಿರುತ್ತದೆ.

2020ರ ಮಾರ್ಚಿಯಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದಾಗ ಈ ಸತ್ಯ ಬಯಲಾಯಿತು. ಅದೇ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ವನ್ನು ತಂದಿತು. ಇಂಟರ್‌ನೆಟ್ ಫೋನಿದ್ದವರು, ಬರಿಯ ಫೋನಿದ್ದವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಮೇಷ್ಟ್ರುಗಳೇ ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಅದರ ಕ್ರಮ ಸರಿಯಾಗಿತ್ತು: ಮೊದಲು ಯಾರ ಬಳಿ ಏನಿಲ್ಲ ಎಂದು ಎಣಿಸುವುದು, ಪಾಠದ ಏರ್ಪಾಡು ಆಮೇಲೆ. ಕೇರಳದಲ್ಲೂ ಅದೇ ವರ್ಷ, ಟಿ.ವಿ. ಇಲ್ಲದ ಮಕ್ಕಳಿಗಾಗಿ ಗ್ರಂಥಾಲಯಗಳಲ್ಲಿ ಟಿ.ವಿ. ಇಟ್ಟು ಪಾಠ ತೋರಿಸಿದರು.

ಇನ್ನು ತರಗತಿಯೊಳಗಿನ ಮಾತು. ಮೇಷ್ಟ್ರು ಕ್ಯಾಮೆರಾ ನೋಡಿದರೆ ಎದುರಿನ ಮಕ್ಕಳು ಬರಿಯ ಪ್ರೇಕ್ಷಕರಾಗುತ್ತಾರೆ. ಎದುರಿನವರನ್ನು ನೋಡಿದರೆ ದೂರದವರಿಗೆ ಅವರ ಬೆನ್ನಷ್ಟೇ ಕಾಣುತ್ತದೆ. ಇಬ್ಬರನ್ನೂ ಸಂಭಾಳಿಸು ಎಂದು ಒಬ್ಬರ ಮೇಲೆ ಹೊರಿಸುವುದು ಅನ್ಯಾಯ. ಆದರೆ ‘ನಲಿ–ಕಲಿ’ಯಲ್ಲಿ ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂಡಿಸಿ, ಗುಂಪು ಗುಂಪಾಗಿ ಕಲಿಸಿದ ಅನುಭವ ನಮ್ಮ ಶಿಕ್ಷಕರಿಗಿದೆ. ಇಲ್ಲಿಯೂ ಅದೇ ದಾರಿ. ಊರಿನ ಒಂದು ಮಗುವಿಗೆ ದೂರದ ಒಂದು ಮಗುವನ್ನು ಜೊತೆ ಮಾಡಲಿ. ಮೊದಲ ಪ್ರಶ್ನೆಯನ್ನು ದೂರದವರಿಗೇ ಕೇಳಲಿ. ಸಿಗ್ನಲ್ ಸಿಗದವರಿಗೆ ಪಾಠದ ಧ್ವನಿಮುದ್ರಣವೂ ಕರಿಹಲಗೆಯ ಚಿತ್ರವೂ ಸಂಜೆಗೆ ತಲುಪಲಿ.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು. ಒಂದು, ಮಿಶ್ರ ತರಗತಿ ಇರುವಲ್ಲಿ ಮೇಷ್ಟ್ರಿಗೆ ಸಹಾಯಕರೊಬ್ಬರು ಇರಲಿ. ಎರಡು, ಸಲಕರಣೆಯ ಖರ್ಚು ತಂದೆತಾಯಿಯ ಮೇಲೆ ಬೀಳಕೂಡದು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ, ಗುಳೆ ಹೋದಲ್ಲಿನ ಗ್ರಂಥಾಲಯ ಆ ಮಕ್ಕಳಿಗೂ ತೆರೆಯಲಿ. ಮೂರು, ಪರದೆಯ ಮೇಲೆ ಬಿಸಿಯೂಟ ಬಡಿಸಲಾಗದು. ಗುಳೆ ಹೋದ ಮಗುವಿಗೆ ಅಲ್ಲಿನ ಶಾಲೆಯಲ್ಲಿ ಊಟ, ಹಾಲು ಸಿಗಲೇಬೇಕು. ಆನ್‌ಲೈನ್ ಪಾಠದ ನೆಪದಲ್ಲಿ ಶಾಲೆ ಮುಚ್ಚುವ, ಶಿಕ್ಷಕರ ಹುದ್ದೆ ಕಡಿತ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಇಲ್ಲಿಯೇ ಬಿಡಲಿ.

ಒಂದೇ ಸಾಲಿನಲ್ಲಿ ಕೂಡಿಸಿ, ಕೆಲವರಿಗೆ ಹೋಳಿಗೆ, ಕೆಲವರಿಗೆ ಬರೀ ಎಲೆ ಹಾಕುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಖಂಡಿಸಿದರು. ಪಾಠದಲ್ಲಿ ಅದನ್ನು ನಾವು ಸಹಿಸಬೇಕೆ? ಗುಳೆ ಹೊರಡುವ ಮೊದಲೇ ಶಾಲಾಭಿವೃದ್ಧಿ ಸಮಿತಿಯವರು ಹೋಗುವ ಮಕ್ಕಳ ಪಟ್ಟಿ ಮಾಡಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಪ್ರತಿಯೊಂದು ಹೆಸರಿಗೂ ಏನು ವ್ಯವಸ್ಥೆ ಎಂದು ಕೇಳೋಣ.